ಅತ್ತೆಯ ಜೊತೆ ಸೂರಿನ ಸೇತುವೆಗೆ

ಗೌರಿ ಹಬ್ಬಕ್ಕೆಂದು ಹಿತ್ತಾಳೆ ದೀಪಗಳಿಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದೆ. ಆಗ ಓಕ್‌ವಿಲ್‌ನಿಂದ ಓರಗಿತ್ತಿಯ ಫೋನು ಬಂತು. ಕೈಯೆಲ್ಲ ಹುಳಿ. ಕಿರುಬೆರಳಲ್ಲಿ ಸ್ಪೀಕರ್ ಒತ್ತಿದೆ.

“ಅಕ್ಕಾ, ಶನಿವಾರ ಫ್ರೀ ಇದೀರಾ? ಅತ್ತೇನ ಕವರ್ಡ್ ಬ್ರಿಡ್ಜ್ ನೋಡೋಕೆ ಕರ್ಕೊಂಡು ಹೋಗೋಣ ಅಂತ. ಹಳೇ ಕಾಲದ್ದು, ಮರದ್ದು, ಮೇಲೆ ಸೂರು ಇರತ್ತೆ. ಆಮೇಲೆ ಭಾನುವಾರ ಬಂದು ಅತ್ತೇನ ನಮ್ಮನೇಗೆ ಕರ್ಕೊಂಡು ಹೋಗ್ತೀನಿ. ಈ ಸಲ ಗೌರಿ ನಮ್ಮನೇಲಿ ಕೂರಿಸ್ಲಿ. ಕೇಳ್ದೆ, ನೋಡೋಣ ಅಂದ್ರು.”

ನನ್ನ ಮನೆಯ ಮಹಡಿ ಮೇಲೆ ಕೂತುಕೊಂಡೇ ಅತ್ತೆ ಅವಳಿಗೆ “ನೋಡೋಣ” ಅಂದಿದ್ದಾರೆ. ನನಗೆ ಸುಳಿವೇ ಇಲ್ಲ.

ಬೇಸಿಗೆ ಶುರುವಾದಾಗ ಅತ್ತೆ ಮೈಸೂರಿನಿಂದ ಸಮುದ್ರ ದಾಟಿ ಬಂದು ರಿಚ್ಮಂಡ್ ಹಿಲ್‌ನ ನಮ್ಮ ಮನೆಯಲ್ಲಿ ಇಳಿದಿದ್ದರು. ಹಬ್ಬ ಮುಗಿದ ಕೂಡಲೇ ಹೊರಡುವವರು. ವಯಸ್ಸಾಗಿದೆ, ಮತ್ತೆ ಇಷ್ಟು ದೂರ ಬರುತ್ತಾರೋ ಇಲ್ಲವೋ. ಅವರ ಕೈಯಲ್ಲಿ ಒಂದು ಸಲ ನನ್ನ ಮನೆಯಲ್ಲಿ ಗೌರಿ ಕೂರಬೇಕು, ಅವರ ಕೈಯಿಂದ ನಾನು ಬಾಗಿನ ತೆಗೆದುಕೊಳ್ಳಬೇಕು. ಇದಿಷ್ಟೇ ನಾನು ದೇವರಲ್ಲಿ ಕೇಳಿಕೊಂಡಿದ್ದು.

ದೇವರು ನನಗೆ ಕಡಿಮೆ ಮಾಡಿಲ್ಲ. ಮಂಡಿ ನೋವಿಲ್ಲದೆ ಮೆಟ್ಟಿಲು ಹತ್ತುತ್ತೇನೆ, ಮನೆಯವರಿಗೆ ಕೆಲಸವಿದೆ, ದೇವಸ್ಥಾನ ಹತ್ತಿರದಲ್ಲೇ ಇದೆ. ದಿನಾ ಬೆಳಿಗ್ಗೆ ದೀಪ ಹಚ್ಚುವಾಗ ಇದನ್ನೆಲ್ಲ ಒಂದೊಂದಾಗಿ ನೆನೆಯುತ್ತೇನೆ. ಓರಗಿತ್ತಿಯ ವಿಷಯ ಬಂದರೆ ಮಾತ್ರ ಎಲ್ಲ ಮರೆತುಹೋಗುತ್ತದೆ. ಅವಳು ಆಫೀಸಿಗೆ ಹೋಗುತ್ತಾಳೆ, ಹೈವೇಯಲ್ಲಿ ನಗುನಗುತ್ತಾ ಕಾರು ಓಡಿಸುತ್ತಾಳೆ, ಹಬ್ಬದ ಒಬ್ಬಟ್ಟನ್ನು ಅಂಗಡಿಯಿಂದ ತರಿಸುತ್ತಾಳೆ. ಅಂಥವಳ ಮನೆಗೆ ಅತ್ತೆ ಯಾಕೆ ಹೋಗಬೇಕು?

“ನಾನೂ ಬರ್ತೀನಿ ಕಣೇ, ಊಟ ನಾನೇ ತರ್ತೀನಿ” ಎಂದೆ.

ಶನಿವಾರ ಪುಳಿಯೋಗರೆ, ಮೊಸರನ್ನ, ಹಪ್ಪಳ, ಅತ್ತೆಗೆ ಬಿಸಿನೀರಿನ ಫ್ಲಾಸ್ಕು, ಸ್ವೆಟರ್ರು, ಬೆನ್ನಿಗೊಂದು ದಿಂಬು ಎಲ್ಲ ಕಟ್ಟಿಕೊಂಡೆ. ನದಿ ದಾಟುವಾಗ ಗಂಗಮ್ಮನಿಗೆ ಅರಿಶಿನ ಕುಂಕುಮ ಹಾಕುವುದು ಅತ್ತೆಯ ಪದ್ಧತಿ. ಶ್ರೀರಂಗಪಟ್ಟಣ ದಾಟುವಾಗ ಬಸ್ಸಿನ ಕಿಟಕಿಯಿಂದ ಕೈ ಚಾಚಿ ಹಾಕಿದ್ದನ್ನು ನಾನೇ ಕಂಡಿದ್ದೇನೆ. ಅದನ್ನೂ ಒಂದು ಪೊಟ್ಟಣ ಕಟ್ಟಿಟ್ಟುಕೊಂಡೆ. ಓರಗಿತ್ತಿಗೆ ಇದೆಲ್ಲ ಹೊಳೆಯುತ್ತದೆಯೇ ಎಂದು ಒಳಗೊಳಗೇ ಬೀಗಿದೆ.

ಓರಗಿತ್ತಿ ಕಾರು ತಂದಾಗ ಅತ್ತೆ ಮುಂದಿನ ಸೀಟಿನಲ್ಲಿ ಅವಳ ಪಕ್ಕ ಕೂತರು. ನಾನು ಹಿಂದೆ, ಡಬ್ಬಿಗಳ ಜೊತೆ. ದಾರಿಯುದ್ದಕ್ಕೂ ಇಬ್ಬರದೇ ಮಾತು. ನಾನು ನಡುವೆ ಬಾಯಿ ಹಾಕಿದರೆ ಅತ್ತೆಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ.

ಮೊದಲು ಗ್ವೆಲ್ಫ್ ಊರಿನ ಪಾರ್ಕಿನಲ್ಲಿ ನಿಲ್ಲಿಸಿದಳು. ಅಲ್ಲಿಯ ಮರದ ಸೇತುವೆಗೂ ಸೂರಿತ್ತು, ಆದರೆ ಹಳೆಯ ಮಾದರಿಯಲ್ಲಿ ಈಚೆಗೆ ಕಟ್ಟಿದ್ದು ಎಂದಳು. ಅದನ್ನು ಕೇಳಿ ಅತ್ತೆ, “ಇದು ನನಗಿಂತ ಚಿಕ್ಕದು ಕಣೇ, ಇದನ್ನೇನು ನೋಡೋದು, ಮುಂದಕ್ಕೆ ನಡಿ” ಎಂದರು. ಅವಳು ಬಿದ್ದು ಬಿದ್ದು ನಕ್ಕಳು. ನನ್ನ ಮನೆಯಲ್ಲಿ ಬೇಸಿಗೆಯಿಡೀ ಅತ್ತೆ ಹೀಗೆ ತಮಾಷೆ ಮಾಡಿದ್ದು ನನಗೆ ನೆನಪಿಲ್ಲ.

ಅಲ್ಲಿಂದಾಚೆ ಎರಡೂ ಕಡೆ ಜೋಳದ ಹೊಲ. ಕಾರು ಬೇಡವೆಂದು ಹಳೆಯ ರೀತಿಯಲ್ಲೇ ಬದುಕುವ ಮೆನೊನೈಟ್ ಜನರ ಕುದುರೆಗಾಡಿಗಳು ರಸ್ತೆಯ ಅಂಚಿನಲ್ಲಿ ಹೋಗುತ್ತಿದ್ದವು. ವೆಸ್ಟ್ ಮಾಂಟ್ರೋಸ್ ಎಂಬ ಹಳ್ಳಿಗೆ ಬಂದೆವು. ನಿಜವಾಗಿ ಹಳೆಯದಾದ ಸೇತುವೆ ಅಲ್ಲಿದೆ, ಗ್ರ್ಯಾಂಡ್ ನದಿಯ ಮೇಲೆ. ದೂರದಿಂದ ಉದ್ದನೆಯ ಕೆಂಪು ಕೊಟ್ಟಿಗೆಯ ಹಾಗೆ ಕಾಣುತ್ತದೆ. ಮಳೆ, ಹಿಮ ಬಿದ್ದು ಮರ ಕೊಳೆಯಬಾರದೆಂದು ಸೂರು ಹಾಕಿದ್ದಂತೆ.

ಒಳಗೆ ಕಾಲಿಟ್ಟರೆ ಮಬ್ಬುಗತ್ತಲು, ಹಳೆಯ ಮರದ ವಾಸನೆ. ಎರಡೂ ಕಡೆ ಹಲಗೆಯ ಗೋಡೆ, ಅಲ್ಲಲ್ಲಿ ಓರೆಪಟ್ಟಿ ಜೋಡಿಸಿದ ಸಣ್ಣ ಕಿಟಕಿ. ಅತ್ತೆ ನಡುವೆ ನಿಂತುಬಿಟ್ಟರು.

“ಗಂಗಮ್ಮ ಎಲ್ಲೇ? ಅವಳ ಮೇಲೇ ನಡೀತಾ ಇದೀವಿ, ಮುಖ ನೋಡೋ ಹಾಗಿಲ್ವಲ್ಲ!”

ನಾನು ಇದಕ್ಕೇ ಕಾದಿದ್ದೆ. ಪೊಟ್ಟಣ ತೆಗೆದೆ. ಅತ್ತೆ ಕೈ ನೀಡಿದರು. “ನೀವು ಇಲ್ಲೇ ಇರಿ ಅತ್ತೆ, ದಡ ಇಳಿಜಾರು. ನಾನು ಹೋಗಿ ಹಾಕಿ ಬರ್ತೀನಿ” ಎಂದವಳೇ ಹೊರಗೆ ಬಂದು, ದಡ ಇಳಿದು, ಪೊಟ್ಟಣವನ್ನು ನೀರಿಗೆ ಕೊಡವಿ, ಅತ್ತೆಯ ಹೆಸರು ಹೇಳಿ ಕೈಮುಗಿದು, ಏದುಸಿರು ಬಿಡುತ್ತಾ ವಾಪಸು ಬಂದೆ.

ಅತ್ತೆಯ ಮುಖ ಸಣ್ಣದಾಗಿತ್ತು. “ಆಯ್ತಾ? ನನ್ನ ಕೈಮುಗಿಯೋ ಕೆಲಸಾನೂ ನೀನೇ ಮಾಡಿ ಮುಗಿಸ್ದೆಯಾ?”

ಓರಗಿತ್ತಿ ಒಂದು ಕ್ಷಣ ನನ್ನ ಮುಖ ನೋಡಿದಳು. “ಬನ್ನಿ ಅತ್ತೆ, ಇಳಿಯೋಣ. ನನ್ನ ಭುಜ ಹಿಡ್ಕೊಳ್ಳಿ. ಬಿದ್ರೆ ಇಬ್ರೂ ಬೀಳೋಣ” ಎಂದು ಅವರನ್ನು ಕರೆದುಕೊಂಡು ಹೋದಳು.

ನಾನು ಒಳಗೇ ಉಳಿದೆ. ಕಿಟಕಿಯ ಓರೆಪಟ್ಟಿಗಳ ನಡುವಿನಿಂದ ಅವರಿಬ್ಬರೂ ತುಂಡುತುಂಡಾಗಿ ಕಾಣುತ್ತಿದ್ದರು. ಅತ್ತೆಯ ಸೀರೆಯ ಅಂಚು. ಅವಳ ಬಿಳಿ ಶೂಗೆ ಮೆತ್ತಿದ ಕೆಸರು. ಅತ್ತೆ ದಡದ ಹಳದಿ ಕಾಡುಹೂವೊಂದನ್ನು ಕಿತ್ತು ನೀರಿಗೆ ಬಿಟ್ಟರು, ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಏನೋ ಹೇಳಿ ನಕ್ಕರು. ನನಗೆ ಹೊಟ್ಟೆ ಉರಿಯಿತು. ದೇವರ ಕೆಲಸ ನೋಡುತ್ತಾ ನಿಂತಿದ್ದೇನೆ, ಆದರೂ ಉರಿಯಿತು.

ಮೇಲೆ ಬಂದ ಮೇಲೆ ಅವಳು ಕಾರಿನಿಂದ ಚಾಪೆ ತರಲು ಹೋದಳು. ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ. “ಅತ್ತೆ, ಹಬ್ಬಕ್ಕೆ ನಮ್ಮನೇಲೇ ಇರಿ. ನಾನೇನು ಕಮ್ಮಿ ಮಾಡಿದೀನಿ ನಿಮಗೆ?”

“ಕಮ್ಮಿ ಎಲ್ಲಿ ಮಾಡ್ದೆ ತಾಯಿ, ಹೆಚ್ಚು ಮಾಡ್ದೆ” ಎಂದರು. “ಬಂದಾಗಿನಿಂದ ಒಂದು ಸೌಟು ಮುಟ್ಟೋಕೆ ಬಿಟ್ಟಿದೀಯಾ? ಕೂತ್ಕೊಳ್ಳಿ ಅತ್ತೆ, ಕೂತ್ಕೊಳ್ಳಿ ಅತ್ತೆ. ಕೂತೂ ಕೂತೂ ನಾನೇ ಗೌರಿ ಆಗಿಬಿಟ್ಟೆ, ಇನ್ನು ನೀರಿಗೆ ಬಿಡೋದೊಂದು ಬಾಕಿ. ಅವಳಿಗೆ ಕಳಸಕ್ಕೆ ಎಷ್ಟು ಎಲೆ ಇಡಬೇಕು ಅಂತಾನೂ ಗೊತ್ತಿಲ್ಲ. ಅಲ್ಲಿ ನಾನು ಮಾಡಿದ್ರೇನೇ ಹಬ್ಬ. ಹೋಗಿ ಬರ್ತೀನಿ ಕಣಮ್ಮ.”

ಏನೂ ಬಾರದವಳಿಗೆ ಅತ್ತೆ ಸಿಕ್ಕಿದರು. ಎಲ್ಲ ಕಲಿತು, ಎಲ್ಲ ಮಾಡಿದ್ದಕ್ಕೆ ನನಗೆ ಇದಾ? ಊಟಕ್ಕೆ ಕೂತಾಗ ಓರಗಿತ್ತಿ, “ಅಕ್ಕಾ, ಪುಳಿಯೋಗರೆ ಸೂಪರ್” ಎಂದಳು. ಉಪ್ಪು ಮುಂದಾಗಿತ್ತು, ನನಗೇ ಗೊತ್ತಿತ್ತು.

ಸಂಜೆ ಅವಳು ನಮ್ಮನ್ನು ಮನೆಗೆ ಬಿಟ್ಟು, “ನಾಳೆ ಹನ್ನೊಂದಕ್ಕೆ ಬರ್ತೀನಿ ಅತ್ತೆ” ಎಂದು ಹೊರಟಳು. ನಾನು ಸಾರಿಗೆ ಬೇಳೆ ತೊಳೆಯುತ್ತಿದ್ದೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತರು. “ಕೂತ್ಕೊಳ್ಳಿ” ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

“ಸಾರು ನೀವೇ ಮಾಡ್ತೀರಾ ಅತ್ತೆ?”

“ಸಾಸಿವೆ ಎಲ್ಲಿಟ್ಟಿದೀಯ ಹೇಳು ಸಾಕು. ಇಲ್ಲಿ ನಿಂತ್ಕೋಬೇಡ.”

ಒಂದು ಸಂಜೆಯಾದರೂ ಸಿಕ್ಕಿತು, ಅದೂ ಭಗವಂತನ ದಯೆಯೇ. ಆದರೆ ನಾಳೆಯಿಂದ ಓಕ್‌ವಿಲ್‌ನ ಒಲೆಯ ಮುಂದೆ ಅತ್ತೆ ಹೀಗೇ ಸೆರಗು ಸಿಕ್ಕಿಸಿಕೊಂಡು ನಿಲ್ಲುತ್ತಾರೆ ಎಂದು ನೆನೆದರೆ, ಸುಳ್ಳು ಯಾಕೆ ಹೇಳಲಿ, ಸಹಿಸಲು ಆಗಲಿಲ್ಲ. ಒಲೆಯ ಮೇಲೆ ಒಗ್ಗರಣೆ ಚಟಗುಟ್ಟಿತು. ನಾನು ಬೇಸ್‌ಮೆಂಟಿಗೆ ಇಳಿದು, ಡ್ರೈಯರಿನಿಂದ ಬಟ್ಟೆಯೆಲ್ಲ ತೆಗೆದು, ಅತ್ತೆಯ ಸೀರೆಗಳನ್ನು ಬೇರೆ ಮಾಡಿ ಸೂಟ್‌ಕೇಸಿಗೆ ಹಿಡಿಯುವ ಹಾಗೆ ಮಡಿಸತೊಡಗಿದೆ.