ಶಾಹೆರನ ಅಂಗಡಿಯಲ್ಲಿ ನನಗೆ ಚಹಾ

ಕರಕ್ ಕೋಟೆಯಿಂದ ಇಳಿಯುವ ರಸ್ತೆಯ ಮೂರನೆಯ ತಿರುವಿನಲ್ಲಿ ಶಾಹೆರನ ಅಂಗಡಿ. ಸುಟ್ಟ ಪಂಪು ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವುದು ಅವನ ಕಸುಬು. ಕಳೆದ ಚಳಿಗಾಲದಲ್ಲಿ ಅವನು ತೀರಿಕೊಂಡನು. ಅವನನ್ನು ಕುರಿತು ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ಯುವಕೇಂದ್ರದವರು ಕೇಳಿದರು. ಒಳ್ಳೆಯ ಮಾತಿಗೇನೂ ಕೊರತೆಯಿಲ್ಲ. ಆದರೆ ನನ್ನ ತಪ್ಪನ್ನು ಬಿಟ್ಟು ಅವನ ವಿಷಯ ಬರೆಯಲಾರೆನು.

ಶಾಲೆಯಿಂದ ನಿವೃತ್ತನಾದ ಮೇಲೆ ನಾನು ಆ ಕೇಂದ್ರದಲ್ಲಿ ಒಂದು ಕೆಲಸ ನೋಡಿಕೊಳ್ಳುತ್ತಿದ್ದೆನು. ಕಳ್ಳತನ, ಹೊಡೆದಾಟಗಳಲ್ಲಿ ಸಿಕ್ಕಿಬಿದ್ದ ಎಳೆಯರನ್ನು ನ್ಯಾಯಾಧೀಶರು ಷರತ್ತಿನ ಮೇಲೆ ಮನೆಗೆ ಕಳುಹಿಸುತ್ತಿದ್ದರು. ಅಂಥ ಒಬ್ಬೊಬ್ಬರಿಗೂ ಊರಿನ ಒಬ್ಬ ದೊಡ್ಡವರನ್ನು ಜೊತೆಮಾಡಬೇಕು. ಅವರಿಬ್ಬರು ವಾರಕ್ಕೆರಡು ಸಂಜೆ ಕೂಡಿ ಕಳೆಯಬೇಕು. ಮೊದಲು ಒಪ್ಪಿದವನು ಶಾಹೆರ್.

"ಬುದ್ಧಿವಾದ ಹೇಳೋಕೆ ನನಗೆ ಬರಲ್ಲ ಮೇಷ್ಟ್ರೇ," ಎಂದನು. "ನನ್ನ ಹೆಂಡತಿನೇ ನನ್ನ ಮಾತಿಗೆ ಬೆಲೆ ಕೊಡಲ್ಲ."

"ಏನೂ ಹೇಳಬೇಡ. ಕೆಲಸ ಮಾಡ್ತಾ ಜೊತೇಲಿ ಕೂರಿಸ್ಕೋ."

"ಹಾಗಾದ್ರೆ ಬಾಯಿ ಜಾಸ್ತಿ ಇರೋನನ್ನೇ ಕಳಿಸಿ. ಅಂಗಡೀಲಿ ರೇಡಿಯೋ ಕೆಟ್ಟಿದೆ."

ನಾನು ಕಳುಹಿಸಿದ್ದು ಕುತೈಬಾನನ್ನು. ಹದಿನೇಳು ವರ್ಷ, ಯಾರದೋ ಕಾರಿನ ಬ್ಯಾಟರಿ ಕದ್ದು ಸಿಕ್ಕಿಬಿದ್ದವನು. ವಾರದ ಮೇಲೆ ವಿಚಾರಿಸಿದೆನು.

"ಹಳೇ ರೇಡಿಯೋನೇ ವಾಸಿ," ಎಂದನು ಶಾಹೆರ್. "ಗೊರಗೊರ ಅಂತಾದ್ರೂ ಅಂತಿತ್ತು."

ಬೇರೆ ಅಂಗಡಿಯವರು ಸುಟ್ಟುಹೋದ ತಂತಿಯನ್ನು ಉಳಿಯಿಂದ ಕಡಿದು ಎಸೆದು, ಅಂದಾಜಿನ ಮೇಲೆ ಹೊಸದನ್ನು ಸುತ್ತುತ್ತಿದ್ದರು. ಶಾಹೆರ್ ಒಂದೊಂದೇ ಸುತ್ತು ಬಿಚ್ಚುತ್ತ ಎಣಿಸುತ್ತಿದ್ದನು. ಎದುರಿಗೆ ಕುಳಿತು ಕುತೈಬಾನೂ ಎಣಿಸಬೇಕು. ಲೆಕ್ಕ ತಾಳೆಯಾಗದಿದ್ದರೆ ಇಬ್ಬರಿಗೂ ಜಗಳ. ನಾಲ್ಕನೆಯ ತಿಂಗಳಲ್ಲಿ ಒಂದು ಸಂಜೆ, "ನಿಮ್ಮ ಕಣ್ಣಿಗೆ ಕನ್ನಡಕ ಹಾಕ್ಸಿ ಯಜಮಾನ್ರೇ, ನೂರಾ ಹದಿನೆಂಟೇ!" ಎಂದು ಹುಡುಗ ಕೂಗಿದ್ದು ರಸ್ತೆಯವರೆಗೂ ಕೇಳಿಸಿತು. ನನಗೆ ಅಂದು ಹಬ್ಬವಾದಂತಿತ್ತು.

ಮುಂದಿನ ವಾರವೇ ಕಬ್ಬಿಣ ಸಾಮಾನಿನ ಅಂಗಡಿಯ ಅಬು ಮಿಫ್ಲೆಹ್ ಕೇಂದ್ರಕ್ಕೆ ನುಗ್ಗಿದನು. ಅವನ ಅಂಗಡಿಯಿಂದ ತಾಮ್ರದ ತಂತಿಯ ದೊಡ್ಡ ಉರುಳೆ ಕಾಣೆಯಾಗಿತ್ತು. ಆ ದಿನ ಅಲ್ಲಿಗೆ ಹೋಗಿದ್ದವರಲ್ಲಿ ಕುತೈಬಾ ಒಬ್ಬನು.

"ಸಂಜೆ ನಮಾಜಿನೊಳಗೆ ಏನಾದ್ರೂ ಮಾಡಿ. ಇಲ್ಲಾಂದ್ರೆ ಪೊಲೀಸರ ಹತ್ರ ಹೋಗ್ತೀನಿ," ಎಂದನು.

ಪೊಲೀಸರಿಗೆ ದೂರು ಹೋದರೆ ಷರತ್ತು ಮುರಿದಂತೆ. ಹುಡುಗ ಮತ್ತೆ ಬಾಲಬಂದಿಖಾನೆಗೆ. ನನಗೆ ತೋಚಿದ್ದು ಒಂದೇ: ಹಿರಿಯರ ಜಾಹಾ, ಅಂದರೆ ರಾಜಿ ಕೇಳಲು ಹೋಗುವ ತಂಡ, ಕಟ್ಟಿಕೊಂಡು ಅಬು ಮಿಫ್ಲೆಹನ ಮನೆಗೆ ಹೋಗಿ ಕ್ಷಮೆ ಬೇಡುವುದು. ಮಧ್ಯಾಹ್ನದೊಳಗೆ ಏಳು ಮಂದಿಯನ್ನು ಒಪ್ಪಿಸಿ, ಶಾಹೆರನನ್ನು ಕರೆಯಲು ಹೋದೆನು.

"ಹುಡುಗನ್ನ ಕೇಳಿದ್ರಾ?"

"ಹೊತ್ತೆಲ್ಲಿದೆ? ಮೊದಲು ಬೆಂಕಿ ಆರಿಸೋಣ."

"ಜಾಹಾ ಹೋಯ್ತು ಅಂದ್ರೆ ಕದ್ದಿದ್ದು ಹೌದು ಅಂತ ನಾವೇ ಒಪ್ಪಿದ ಹಾಗೆ. ಅಗೋ, ಕಪಾಟಿನ ಹಿಂದೆ ಕೂತಿದಾನೆ. ಹತ್ತು ಹೆಜ್ಜೆ. ಹೋಗಿ ಕೇಳಿ."

"ನೀನು ಬರ್ತೀಯೋ ಇಲ್ವೋ?"

"ಇಲ್ಲ."

ಆ ಹತ್ತು ಹೆಜ್ಜೆಯನ್ನು ನಾನು ಇಡಲಿಲ್ಲ. ಹೊತ್ತಿಲ್ಲ ಎಂದದ್ದು ನೆಪ. ಅವನೇ ಕದ್ದಿದ್ದಾನೆಂದು ನನ್ನ ಮನಸ್ಸು ಆಗಲೇ ತೀರ್ಮಾನಿಸಿತ್ತು.

ಅಬು ಮಿಫ್ಲೆಹನ ಚಾವಡಿಯಲ್ಲಿ ಕಹಿ ಕಾಫಿಯ ಬಟ್ಟಲನ್ನು ನನ್ನ ಕೈಗಿತ್ತರು. ಕೇಳಿದ್ದು ಸಿಗುವವರೆಗೆ ಬಟ್ಟಲು ಮುಟ್ಟಬಾರದೆಂಬ ವಾಡಿಕೆಯಂತೆ ಅದನ್ನು ಕುಡಿಯದೆ ಮುಂದೆ ಇಟ್ಟು, ಬೇಡಿಕೆ ಹೇಳಿದೆನು. "ಕುಡೀರಿ ಮೇಷ್ಟ್ರೇ. ನಿಮ್ಮ ಮುಖ ನೋಡಿ ಕ್ಷಮಿಸಿದೀನಿ," ಎಂದನು ಅಬು ಮಿಫ್ಲೆಹ್. ಕುಡಿದೆನು. ಊರಿಗೇ ಉಪಕಾರ ಮಾಡಿದವನಂತೆ ಮೀಸೆ ಒರೆಸಿಕೊಂಡೆನು.

ಮೂರನೆಯ ದಿನ ಉರುಳೆ ಸಿಕ್ಕಿತು. ಅಬು ಮಿಫ್ಲೆಹನ ಮಗನೇ ಅದನ್ನು ಪೈಪುಗಳ ಜೊತೆ ವ್ಯಾನಿಗೆ ಹಾಕಿ, ಕಣಿವೆಯ ತೋಟವೊಂದರಲ್ಲಿ ಇಳಿಸಿ ಬಂದಿದ್ದನು. ಆದರೆ ಪೇಟೆಯಲ್ಲಿ ಯಾರಿಗೆ ಹೇಳಿದರೂ ಒಂದೇ ಉತ್ತರ: "ಕದಿಯದೆ ಇದ್ದಿದ್ರೆ ಅಷ್ಟು ಹಿರಿಯರು ಯಾಕೆ ಹೋಗ್ತಿದ್ರು?" ಕುತೈಬಾ ಅಂಗಡಿಗೆ ಬರುವುದನ್ನು ನಿಲ್ಲಿಸಿದನು. ಮನೆಯ ಬಾಗಿಲನ್ನೂ ದಾಟುತ್ತಿರಲಿಲ್ಲ.

ಶಾಹೆರ್ ನನ್ನ ಮನೆಗೆ ಬಂದನು. ಬಯ್ಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು.

"ಅದೇ ಏಳು ಜನರನ್ನ ಕರೀರಿ. ಈ ಸಲ ಅವನ ಮನೆಗೆ. ನಾನೂ ಬರ್ತೀನಿ."

"ಒಬ್ಬ ಹುಡುಗನ ಹತ್ರ ಜಾಹಾನಾ? ಊರು ನಗುತ್ತೆ ಕಣೋ."

"ಅವನ್ನ ನೋಡಿ ನಕ್ಕಾಗ ನಿಮಗೆ ಕಿವಿ ಇರಲಿಲ್ವಾ?"

ಇಬ್ಬರು ಬರಲೊಲ್ಲೆವೆಂದರು. ಐವರು ಬಂದರು, ಅಬು ಮಿಫ್ಲೆಹನೂ ತಲೆತಗ್ಗಿಸಿ ಬಂದನು. ಎರಡು ಕೋಣೆಯ ಮನೆ. ಪಕ್ಕದ ಮನೆಯವರು ಇಣುಕಿ ನೋಡಲೆಂದು ಶಾಹೆರ್ ಬೇಕೆಂದೇ ಬಾಗಿಲನ್ನು ತೆರೆದಿಟ್ಟನು. ಕುತೈಬಾ ತಾನೇ ಕಾಫಿ ಬಗ್ಗಿಸಿ ಕೊಟ್ಟನು. ಎಲ್ಲರೂ ಬಟ್ಟಲು ಕೆಳಗಿಟ್ಟೆವು.

ಮೊದಲು ಅಬು ಮಿಫ್ಲೆಹ್ ತಪ್ಪಾಯಿತೆಂದನು. "ಕುಡೀರಿ ಚಿಕ್ಕಪ್ಪ," ಎಂದನು ಹುಡುಗ. ಹಿರಿಯರಿಗೂ ಹೇಳಿದನು. ಆಮೇಲೆ ನಾನು, ನಿನ್ನನ್ನು ಒಂದು ಮಾತೂ ಕೇಳದೆ ನಿನ್ನ ಹೆಸರಿನಲ್ಲಿ ಕಳ್ಳತನ ಒಪ್ಪಿಕೊಂಡೆ, ಕ್ಷಮಿಸು ಎಂದೆನು.

ಅವನು ನನ್ನನ್ನೇ ನೋಡಿದನು. "ಅವರು ತಂತಿ ಕಳ್ಕೊಂಡಿದ್ರು, ಅನುಮಾನ ಬಂತು. ನೀವೇನು ಕಳ್ಕೊಂಡಿದ್ರಿ ಮೇಷ್ಟ್ರೇ?"

ನನಗೆ ಮಾತ್ರ ಕುಡಿಯಿರಿ ಎಂದು ಅವನು ಹೇಳಲಿಲ್ಲ. ಬಟ್ಟಲು ಆರಿತು. ಅದನ್ನು ಅಲ್ಲಿಯೇ ಬಿಟ್ಟು ಎದ್ದೆನು. ದಾರಿಯಲ್ಲಿ ಶಾಹೆರ್ ಸಮಾಧಾನ ಹೇಳುವನೇನೋ ಎಂದು ಕಾದೆನು.

"ನಾಳೆಯಿಂದ ಅಂಗಡಿಗೆ ಬರ್ತಾನಂತೆ," ಎಂದನು. "ಅದಕ್ಕೇ ಹೋಗಿದ್ದು. ನಿಮ್ಮ ಬಟ್ಟಲು ನಿಮ್ಮ ಪಾಡು."

ಬಂದನು. ಹನ್ನೊಂದು ವರ್ಷವಾಯಿತು, ಈಗ ಅಂಗಡಿ ಅವನದೇ. ಕೇಂದ್ರ ಕಳುಹಿಸಿದ ಇಬ್ಬರು ಅವನೆದುರು ಕುಳಿತು ಸುತ್ತು ಎಣಿಸುತ್ತಾರೆ. ನನ್ನ ಮನೆಯ ಪಂಪನ್ನೂ ಅವನೇ ರಿಪೇರಿ ಮಾಡುವುದು, ಪ್ರೀತಿಯಿಂದಲೇ ಮಾತನಾಡಿಸುತ್ತಾನೆ. ಬಂದವರಿಗೆಲ್ಲ ಹೂಜಿಯಿಂದ ಕಾಫಿ ಬಗ್ಗಿಸುತ್ತಾನೆ. ನನ್ನ ಸರದಿ ಬಂದಾಗ ಮಾತ್ರ, "ಸಕ್ಕರೆ ಎಷ್ಟು ಮೇಷ್ಟ್ರೇ?" ಎಂದು ಕೇಳಿ ಚಹಾ ಕೊಡುತ್ತಾನೆ. ಶಾಹೆರ್ ಅದನ್ನು ಎಷ್ಟೋ ಬಾರಿ ನೋಡಿದ್ದನು. ಒಂದು ದಿನವೂ ನನ್ನ ಪರವಾಗಿ ಮಾತನಾಡಲಿಲ್ಲ.

ಶಾಹೆರ್ ಹೋದಾಗ ಮೂರು ದಿನ ಸೂತಕದ ಡೇರೆಯಲ್ಲಿ ಹೂಜಿ ಹಿಡಿದು ನಿಂತವನು ಕುತೈಬಾ. ಅತ್ತು ಕಣ್ಣು ಊದಿದ್ದವು. ಸಾಲಾಗಿ ಬಗ್ಗಿಸುತ್ತ ಬಂದು, ನನ್ನೆದುರು ಒಂದು ಗಳಿಗೆ ನಿಂತನು. ನಾನು ಕೈ ಚಾಚಿಯೇಬಿಟ್ಟೆನು. ಅವನು ಹೂಜಿಯನ್ನು ಪಕ್ಕದವನಿಗೆ ಕೊಟ್ಟು ಒಳಗೆ ಹೋಗಿ ಚಹಾ ತಂದನು.

ಅಷ್ಟು ಜನರ ನಡುವೆ ನನ್ನೊಬ್ಬನ ಕೈಯಲ್ಲಿ ಗಾಜಿನ ಲೋಟ. ಕುಡಿದೆನು. ಸಕ್ಕರೆಯನ್ನು ಸರಿಯಾಗಿ ಎರಡು ಚಮಚವೇ ಹಾಕಿದ್ದನು.