ಮಾವನ ಕೈ ಬಚ್ಚಿಡುತ್ತಿರುವ ಬಣ್ಣ

ನಾನು ಬಾಗಿಲು ತಳ್ಳಿದ್ದೇ ತಡ, ಹಾಸಿಗೆಯಲ್ಲಿ ಮಲಗಿದ್ದ ಮಾವನ ಆಡುತ್ತಿದ್ದ ಬಲಗೈ ಗಾಳಿಯಲ್ಲೇ ನಿಂತುಬಿಟ್ಟಿತು. ಆಮೇಲೆ ಮೆಲ್ಲಗೆ ಹೊದಿಕೆಯೊಳಗೆ ಸರಿದುಹೋಯಿತು.

ಮಟಮಟ ಮಧ್ಯಾಹ್ನ ಕಣ್ರೀ. ಆದರೂ ಮೈ ಜುಂ ಅಂದಿತು.

ಇವರು ನಮ್ಮಮ್ಮನ ತಮ್ಮ. ಚನ್ನಪಟ್ಟಣದ ಪಕ್ಕದ ಬೈರಾಪಟ್ಟಣದಲ್ಲಿ ಮನೆ, ಹಿತ್ತಲಲ್ಲೇ ಬೊಂಬೆಗೆ ಮರ ತಿರುಗಿಸಿ ಕಡೆಯುವ ಲೇತ್. ಸ್ಟ್ರೋಕ್ ಆದಮೇಲೆ ಮಾತಿಲ್ಲ, ಯಾರ ಗುರುತೂ ಇಲ್ಲ.

ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಮಾವ ಒಂದು ಬಣ್ಣ ತರುತ್ತಿದ್ದರು. ಬುಗುರಿ ಸುಮ್ಮನಿದ್ದರೆ ಹಸಿರು, ಕೈಯಲ್ಲಿ ಹೊರಳಿಸಿದರೆ ನವಿಲಿನ ಕತ್ತಿನ ನೀಲಿ! ಚನ್ನಪಟ್ಟಣದಲ್ಲಿ ಇನ್ಯಾರಿಗೂ ಅದು ಬರಲಿಲ್ಲ.

ನನ್ನ ಕೆಲಸ ಪೇಟೆಂಟ್ ಅರ್ಜಿ ಬರೆಯುವುದು. ಆ ಬಣ್ಣಕ್ಕೆ ಪೇಟೆಂಟ್ ಮಾಡಿಸೋಣ ಅಂತ ಹೋದ ವರ್ಷ ಇವರ ಬೆನ್ನು ಬಿದ್ದಿದ್ದೆ. ಐನೂರು ವರ್ಷಕ್ಕೂ ಹಿಂದೆ ಇಟಲಿಯ ವೆನಿಸ್‌ನವರು ಈ ಪೇಟೆಂಟ್ ಕಾನೂನು ಯಾಕೆ ತಂದರು ಅಂತ ಕಥೆ ಹೇಳಿದ್ದೆ.

ಹೊಸದು ಕಂಡುಹಿಡಿದವನು ಗುಟ್ಟು ಬಿಟ್ಟುಕೊಡಬೇಕು, ಒಂದಿಷ್ಟು ವರ್ಷ ಬೇರೆ ಯಾರೂ ಕಾಪಿ ಹೊಡೆಯುವ ಹಾಗಿಲ್ಲ. ಈಗ ನಮ್ಮಲ್ಲಿ ಇಪ್ಪತ್ತು ವರ್ಷ, ಆಮೇಲೆ ಅದು ಎಲ್ಲರದ್ದು. ವಿದ್ಯೆ ಮನುಷ್ಯನ ಜೊತೆ ಮಣ್ಣಾಗಬಾರದು, ಅಷ್ಟೇ.

ಮಾವ ಮರ, ಅರಗು, ಬಣ್ಣ ಎಲ್ಲಾ ಹೇಳಿದರು. ಕೊನೆಯಲ್ಲಿ ಅರಗು ಹೇಗೆ ಒತ್ತಬೇಕು ಅನ್ನುವುದನ್ನು ಮಾತ್ರ ಹೇಳಲಿಲ್ಲ.

"ಅದೊಂದ್ ಕೇಳ್ಬ್ಯಾಡ ಕಣವ್ವ. ಇನ್ನೊಂದ್ಸಲ ಬಾ, ನೋಡನ."

ಪೂರ್ತಿ ಬಿಚ್ಚಿಡದೆ ಪೇಟೆಂಟ್ ಸಿಗಲ್ಲ. ಅರ್ಜಿ ಅಲ್ಲಿಗೇ ನಿಂತಿತು.

ಈಗ ಅವರ ಕೈ ಮಾಡುತ್ತಿರುವುದು ಆ ಅರಗು ಒತ್ತುವುದನ್ನೇ... ಯಾರೂ ಇಲ್ಲದಾಗ ಮಾತ್ರ. ನರದ ಸೆಳೆತ ಅಂತಾರೆ ಡಾಕ್ಟರು. ಜನ ಬಂದರೆ ಅವಿತುಕೊಳ್ಳುವ ಸೆಳೆತ ಎಲ್ಲಾದರೂ ಉಂಟಾ?

ಹೊರಗೆ ಬಂದು ಕಿಟಕಿಯಿಂದ ಇಣುಕಿದೆ. ಎರಡು ಬೆರಳು ಅರಗಿನ ಕಡ್ಡಿ ಹಿಡಿದಂತೆ ಮಡಚಿವೆ, ಮಣಿಕಟ್ಟು ನಿಧಾನ ಹೊರಳುತ್ತಿದೆ. ನಾನು ಉಸಿರು ಬಿಟ್ಟೆ ನೋಡಿ, ಕೈ ನಿಂತಿತು. ಮಾವನ ಕಣ್ಣು ಮುಚ್ಚಿಯೇ ಇತ್ತು.

ಭಯವಾಯಿತು, ಸುಳ್ಳು ಹೇಳಲ್ಲ.

ವಿಡಿಯೋ ಆನ್ ಮಾಡಿ ಫೋನನ್ನು ಒಳಗೇ ಇಟ್ಟು ಬರೋಣ ಅಂತ ಹೊರಟೆ. ಮಾವನ ಹೆಂಡತಿ, ನಮ್ಮತ್ತೆ, ನನ್ನ ಕೈ ಹಿಡಿದುಕೊಂಡರು.

"ಈ ವಿದ್ಯೆ ಇವರ ಜೊತೆಗೇ ಹೋಗ್ಬಿಡುತ್ತೆ ಅತ್ತೆ!" ಅಂದೆ.

ಅತ್ತೆ ಪಿಸುಗುಟ್ಟಿದರು, "ಅದ್ನ ಕಾಯ್ಕಂಡೇ ಜೀವ ಹಿಡ್ಕಂಡವ್ರೆ ಕಣವ್ವ. ನೀ ಎತ್ಕಂಡೋದ್ರೆ ಅವ್ರಿಗೆ ಇಲ್ಲಿ ಇನ್ನೇನ್ ಕೆಲ್ಸ?"

ಜಗಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಒಳಗೆ ಹೊದಿಕೆ ಮತ್ತೆ ಸರಸರ ಅನ್ನುತ್ತಿದೆ...

ನೀವಾಗಿದ್ದರೆ ಆ ಫೋನ್ ಒಳಗಿಡುತ್ತಿದ್ದಿರಾ?