ಗಾಳಿ ನೋಡಿ ಬರುತ್ತಿದ್ದ ವೈನಿ

ಹೋದ ವಾರ ಕಲ್ಯಾಣದಿಂದ ವಾಪಸು ಬರುವಾಗ, ಬಸ್ಸು ಹುಮನಾಬಾದಿನ ಹತ್ತಿರ ಬರುತ್ತಿದ್ದಂತೆ ಕಿಟಕಿಯಿಂದ ಆ ವಾಸನೆ ಒಳಗೆ ನುಗ್ಗಿತು. ಹುಳಿತ ಹಣ್ಣಿಗೆ ಸ್ಪಿರಿಟ್ ಬೆರೆಸಿದಂಥ, ಗಂಟಲಲ್ಲಿ ನಿಲ್ಲುವ ವಾಸನೆ. ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿದರೆ ಬರುತ್ತದೆ. ಊರಿನವರಿಗೆ ಅದು ರೂಢಿಯಾಗಿದೆ, ನನಗೂ. ಆದರೆ ಅವತ್ತು ಸೆರಗನ್ನು ಮೂಗಿಗೆ ಒತ್ತಿಕೊಂಡಾಗ ಪಕ್ಕದ ಮನೆಯ ವೈನಿ ನೆನಪಾದರು...

ನಮ್ಮ ಕಡೆ ಅತ್ತಿಗೆಗೆ ವೈನಿ ಅನ್ನುತ್ತಾರೆ; ಓಣಿಯಲ್ಲಿ ಎಲ್ಲರೂ ಅವರನ್ನು ವೈನಿ ಎಂದೇ ಕರೆಯುತ್ತಿದ್ದರು. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಗಂಡ ಒಂದು ಔಷಧಿ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ವೈನಿಗೆ ದಮ್ಮು. ಕೆಲವು ದಿನ ಉಸಿರಿಗಾಗಿ ಒದ್ದಾಡುತ್ತ ಗೋಡೆಗೆ ಒರಗಿ ಕೂತಿರುತ್ತಿದ್ದರು. ಕೆಲವು ದಿನ ಅವರೇ ನಮ್ಮ ಬಾಗಿಲಿಗೆ ಬಂದು ಬಿಸಿ ರೊಟ್ಟಿ, ಪುಂಡಿಪಲ್ಯ ಕೊಟ್ಟು ಹೋಗುತ್ತಿದ್ದರು.

ನಾನಾಗ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತ, ಬೀದರ ಸೀಮೆಯ ಮಳೆಯ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಹವಾಮಾನದ ಮಾಹಿತಿಯನ್ನು ಯಾರಿಗಾದರೂ ಪುಕ್ಕಟೆ ಕೊಡುವ ಜಾಲತಾಣಗಳಿವೆ. ‘ಆರ್’ ಎಂಬ ಲೆಕ್ಕಾಚಾರದ ತಂತ್ರಾಂಶದಲ್ಲಿ ಊರಿನ ಅಕ್ಷಾಂಶ, ರೇಖಾಂಶ ಬರೆದು ನಾಲ್ಕು ಸಾಲು ಟೈಪ್ ಮಾಡಿದರೆ ಮಳೆ, ಬಿಸಿಲು, ಗಾಳಿ ಎಲ್ಲ ತಾಸುತಾಸಿನ ಪ್ರಕಾರ ಇಳಿದು ಬರುತ್ತವೆ. ಹಿಂದಿನದೂ ಸಿಗುತ್ತದೆ, ಮುಂದಿನ ಕೆಲವು ದಿನಗಳ ಅಂದಾಜೂ ಸಿಗುತ್ತದೆ. ಒಂದು ದಿನ ಪರದೆಯ ಮೇಲಿನ ಬಾಣಗಳನ್ನು ನೋಡಿ ವೈನಿ ಇವೇನು ಎಂದು ಕೇಳಿದರು. ಗಾಳಿಯ ದಿಕ್ಕು, ಎಲ್ಲಿಗೆ ಹೊರಟಿದೆ ಅನ್ನುವುದಲ್ಲ, ಎಲ್ಲಿಂದ ಬಂತು ಅನ್ನುವುದನ್ನೇ ಬರೆಯುತ್ತಾರೆ ಎಂದೆ.

“ಅಂದ್ರ ಗಾಳಿಗೂ ತವರಮನಿ ಹೆಸರೇ ಏನ್ರಿ ಅಕ್ಕಾರ?” ಎಂದು ನಕ್ಕರು.

ದಮ್ಮು ಹೆಚ್ಚಾದ ದಿನಗಳನ್ನು ಅವರೇ ನೆನಪಿಸಿಕೊಂಡು ಹೇಳಿದರು. ಅಮಾವಾಸ್ಯೆಯ ಮರುದಿನ, ಅಕ್ಕನ ಬಸುರಿ ಮಗಳ ಕುಬಸದ ದಿನ... ಆ ದಿನಗಳ ಗಾಳಿ ಇಳಿಸಿ ನೋಡಿದೆ. ಹೆಚ್ಚುಕಡಿಮೆ ಎಲ್ಲವೂ ಕಾರ್ಖಾನೆಗಳ ಕಡೆಯಿಂದ ಗಾಳಿ ಬಂದ ದಿನಗಳೇ. ಅದೇ ಕಾರಣ ಎಂದು ಡಾಕ್ಟರು ಖಾತ್ರಿಯಾಗಿ ಹೇಳಲಿಲ್ಲ. ನನ್ನ ಲೆಕ್ಕವೂ ಹೇಳುವಂತಿರಲಿಲ್ಲ. ಸ್ವಲ್ಪ ದಿನ ಜಾಗ ಬದಲಿಸಿ ನೋಡಿ ಎಂದರು ಡಾಕ್ಟರು. ವೈನಿ ಕಲ್ಯಾಣಕ್ಕೆ ತಾಯಿಯ ಮನೆಗೆ ಹೋದರು. ಅಲ್ಲಿ ಉಸಿರು ಹಗುರಾಯಿತು. ಗಂಡನಿಗೆ ನೌಕರಿ ಬಿಡುವ ಧೈರ್ಯವಾಗಲಿಲ್ಲ, ಇಲ್ಲೇ ಉಳಿದರು.

ಆಮೇಲೆ ಫೋನು ಬರಲು ಶುರುವಾಯಿತು. ಬೆಳಿಗ್ಗೆ ನಾನು ಚಹಾಕ್ಕೆ ಇಡುವ ಹೊತ್ತಿಗೆ, “ಇವತ್ತ ಗಾಳಿ ಯಾ ಕಡಿಂದ ಅದ್ರಿ?” ನಾನು ನೋಡಿ, ಬರ್ರಿ ಅಂದರೆ ಬಸ್ಸು ಹತ್ತಿ ಬರುತ್ತಿದ್ದರು. ಮನೆ ಹಸನು ಮಾಡಿ, ಬಟ್ಟೆ ಒಗೆದು, ರೊಟ್ಟಿ ಬಡಿದಿಟ್ಟು, ಗಂಡನ ಜೊತೆ ಕೂತು ಉಂಡು, ಸಂಜೆಯ ಬಸ್ಸಿಗೆ ಹೊರಟುಬಿಡುತ್ತಿದ್ದರು. ಗಂಡ ಬಸ್‌ಸ್ಟ್ಯಾಂಡಿನವರೆಗೆ ಬಿಡಲು ಹೋಗುತ್ತಿದ್ದರು. ಮದುವೆಯಾಗಿ ಅಷ್ಟು ವರ್ಷಗಳಾಗಿದ್ದರೂ ಓಣಿ ದಾಟುವ ತನಕ ಇಬ್ಬರೂ ಹೊಸಬರಂತೆ ನಾಚಿಕೊಂಡು ನಡೆಯುತ್ತಿದ್ದರು.

ಒಂದು ಸಲ ವಾರವಿಡೀ ಗಾಳಿ ಕೆಟ್ಟದ್ದಿತ್ತು. ಬ್ಯಾಡ್ರಿ ಎಂದು ಹೇಳಿದ್ದೆ. ಆದರೂ ಮಧ್ಯಾಹ್ನ ನೋಡಿದರೆ ವೈನಿ ಕೈಚೀಲ ಹಿಡಿದು ಓಣಿಯಲ್ಲಿ ಬರುತ್ತಿದ್ದರು. ಗಂಡ ಜ್ವರ ಬಂದು ಮಲಗಿದ್ದರು.

“ಬರಬ್ಯಾಡಂತ ಹೇಳಿದ್ನಲ್ರಿ ವೈನಿ.”

“ಕೇಳೀನ್ರಿ. ಅವ್ರು ಮೊನ್ನಿಂದ ಉಂಡಿಲ್ಲ. ಗಾಳಿ ತಿರಗೋತನಕ ನಾ ಅಲ್ಲೇ ಕುಂದರ್ಲೇನು?”

ಕಿಟಕಿಗೆ ಒದ್ದೆ ಸೀರೆ ಕಟ್ಟಿ, ಗಂಜಿ ಕಾಯಿಸಿ, ಗಂಡನ ಹಣೆಗೆ ತಣ್ಣೀರು ಪಟ್ಟಿ ಹಾಕುತ್ತ ಅಲ್ಲೇ ಉಳಿದರು. ಗೋಡೆಯಾಚೆಯಿಂದ ವೈನಿಯ ಕೆಮ್ಮು ಕೇಳುತ್ತಿತ್ತು. ಅವರನ್ನು ನಾನು ನೋಡಿಕೊಳ್ಳುತ್ತೇನೆ, ನೀವು ಹೊರಡಿ ಎಂದು ಹೋಗಿ ಹೇಳಿದೆ. ಕೆಮ್ಮುತ್ತಲೇ ಒಲ್ಲೆನೆಂದು ಕೈ ಆಡಿಸಿದರು. ಗಂಡನ ಜ್ವರ ಇಳಿಯಿತು. ಅವರು ಎದ್ದು ಕೂತ ದಿನವೇ ವೈನಿಗೆ ಉಸಿರು ಸಿಗದಾಯಿತು. ಕಲಬುರಗಿಗೆ ಒಯ್ಯುವ ದಾರಿಯಲ್ಲೇ...

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ದಿನ ಅವರ ಗಂಡ ನಮ್ಮ ಮನೆಗೆ ಬಂದು, ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು ಕೂತರು.

“ಅವತ್ತ ಗಾಳಿ ಯಾ ಕಡಿಂದ ಇತ್ತು, ನೋಡಿ ಹೇಳ್ರಿ ಅಕ್ಕಾರ.”

ಈಗ ಅದೆಲ್ಲ ಬೇಡ ಎಂದೆ. ಅವರು ಏಳಲಿಲ್ಲ. ಆ ವಾರದ್ದನ್ನು ಇಳಿಸಿದೆ. ಅಂದಾಜು ಹೇಳಿದ್ದಕ್ಕಿಂತ ಮೊದಲೇ, ವೈನಿ ತೀರಿಕೊಂಡ ದಿನ ಬೆಳಿಗ್ಗೆಯೇ ಗಾಳಿ ತಿರುಗಿತ್ತು. ಕಲ್ಯಾಣದ ಕಡೆಯಿಂದ ಬರುತ್ತಿತ್ತು. ಹೇಳಲೋ ಬೇಡವೋ ಎಂದು ನಾನು ಯೋಚಿಸುವಷ್ಟರಲ್ಲಿ ಅವರೇ ಬಾಣ ನೋಡಿ ತಿಳಿದುಕೊಂಡಿದ್ದರು. ವೈನಿ ಅವರಿಗೂ ಅದನ್ನು ಓದಲು ಕಲಿಸಿದ್ದರು.

ಸ್ವಲ್ಪ ದಿನಕ್ಕೆ ಅವರು ನೌಕರಿ ಬಿಟ್ಟರು. ಈಗ ಕಲ್ಯಾಣದಲ್ಲಿ ಅತ್ತೆಯ ಜೊತೆ ಇದ್ದಾರೆ. ಹೋದ ವಾರ ನಾನು ಹೋಗಿದ್ದು ಅಲ್ಲಿಗೇ. ಚಹಾ ಅವರೇ ಮಾಡಿಕೊಟ್ಟರು. ಕಿವಿ ಕೇಳದ ಮುದುಕಿಗೆ ಗಟ್ಟಿಯಾಗಿ ಕೂಗಿ ಕೂಗಿ ನಾನು ಯಾರೆಂದು ಹೇಳಿದರು. ಒಂದು ಕಿರಾಣಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಾರಂತೆ, ಇಬ್ಬರ ಹೊಟ್ಟೆಗೆ ಸಾಕಾಗುತ್ತದಂತೆ. ಹೊರಟಾಗ ಬಾಗಿಲತನಕ ಬಂದರು.

“ಇಂಥಾ ಕೆಲಸ ಇಲ್ಲಿ ಅಕಿ ಇದ್ದಾಗೂ ಸಿಗತಿತ್ರಿ ಅಕ್ಕಾರ,” ಎಂದರು.

ನಾನು ಬಗ್ಗಿ ಚಪ್ಪಲಿ ಮೆಟ್ಟಿಕೊಂಡೆ.